1098: ಕರೆಯ ನಂತರದ ಕೆಲಸ

1098ಕ್ಕೆ ಕರೆ ಮಾಡಲು ದುಡ್ಡು ಬೇಡ, ಹೆಸರು ಹೇಳಲೇಬೇಕೆಂದೂ ಇಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನನ್ನು ಕಂಡವರು, ಪಕ್ಕದ ಮನೆಯ ಬಾಲಕಿಯ ಮದುವೆಗೆ ಚಪ್ಪರ ಏಳುವುದನ್ನು ನೋಡಿದವರು, ಏಟು ತಿಂದ ಮಗುವೇ ಬೇಕಾದರೂ ಕರೆಯಬಹುದು. 1996ರಲ್ಲಿ ಜೆರೂ ಬಿಲ್ಲಿಮೋರಿಯಾ ಅವರ ಮುಂದಾಳತ್ವದಲ್ಲಿ ಮುಂಬೈಯಲ್ಲಿ ಶುರುವಾದ ಈ ಮಕ್ಕಳ ಸಹಾಯವಾಣಿ, ನಮ್ಮ ದೇಶ ಮಕ್ಕಳಿಗಾಗಿ ಕಟ್ಟಿದ ಒಳ್ಳೆಯ ವ್ಯವಸ್ಥೆಗಳಲ್ಲೊಂದು. ಎಷ್ಟು ಕರೆ ಬಂದವು ಎಂಬ ಲೆಕ್ಕದಿಂದ ಇದರ ಯೋಗ್ಯತೆ ತಿಳಿಯದು. ಕರೆಯ ನಂತರ ಮಗುವಿನ ಪಕ್ಕ ಯಾರು ನಿಂತರು, ಎಷ್ಟು ಕಾಲ ನಿಂತರು ಎಂದು ಕೇಳಬೇಕು.

ಕಾನೂನು ಗಟ್ಟಿಯಾಗಿಯೇ ಇದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 15 ದಿನಗಳಲ್ಲಿ ಸಾಮಾಜಿಕ ತನಿಖೆ ಮುಗಿಯಬೇಕು. ಬಾಲಮಂದಿರ ಕೊನೆಯ ದಾರಿ, ಮನೆಯೇ ಮೊದಲ ಆಯ್ಕೆ ಎಂಬ ತತ್ವವನ್ನೂ ಕಾಯ್ದೆ ಒಪ್ಪಿದೆ.

ಆದರೆ ಆ ಮನೆ ಮಗುವಿಗೆ ಸುರಕ್ಷಿತವೇ ಎಂದು ನಿರ್ಧರಿಸುವುದು ಸುಲಭವಲ್ಲ. ಹೊಡೆಯುವ ಅಪ್ಪ ಬಾಗಿಲಲ್ಲೇ ಕೂತಿರುತ್ತಾನೆ, ಹೆದರಿದ ತಾಯಿ ಏನೂ ಇಲ್ಲವೆನ್ನುತ್ತಾಳೆ, ಊರ ಹಿರಿಯರು ರಾಜಿಗೆ ಬರುತ್ತಾರೆ. ಇದರ ನಡುವೆ ಮಗುವಿನ ಮಾತು ಕೇಳಿಸಿಕೊಂಡು ಸತ್ಯ ಬರೆಯಬೇಕಾದವರು ಸಮಾಜ ಕಾರ್ಯಕರ್ತರು. ಅವರ ವರದಿ ತಪ್ಪಿದರೆ ಮಗು ಹಿಂಸೆಯ ಮನೆಗೇ ಮರಳೀತು, ಇಲ್ಲವೇ ಅಕಾರಣವಾಗಿ ತಾಯಿಯಿಂದ ದೂರವಾದೀತು. ಇಷ್ಟು ತೂಕದ ಕೆಲಸವನ್ನು ನಾವು ಒಪ್ಪಿಸಿರುವುದು ಬಹುಪಾಲು ಗುತ್ತಿಗೆ ನೌಕರರಿಗೆ. ನಾಳೆಯ ನೌಕರಿಯೇ ಖಾತ್ರಿಯಿಲ್ಲದವರು ಊರಿನ ಪ್ರಬಲರನ್ನು ಯಾವ ಧೈರ್ಯದಿಂದ ಎದುರಿಸಬೇಕು?

2023ರಲ್ಲಿ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಸಹಾಯವಾಣಿಯ ಹೊಣೆ ಸ್ವಯಂಸೇವಾ ಸಂಸ್ಥೆಗಳಿಂದ ಸರ್ಕಾರದ ಕೈಗೆ ಬಂತು. 112 ತುರ್ತು ಸೇವೆಯೊಂದಿಗೆ ಜೋಡಣೆಯಾಯಿತು. ಮಕ್ಕಳ ರಕ್ಷಣೆ ಸರ್ಕಾರದ ಕರ್ತವ್ಯ, ದಾನಿಗಳ ಔದಾರ್ಯಕ್ಕೆ ಬಿಡುವಂಥದ್ದಲ್ಲ. ಆ ದೃಷ್ಟಿಯಿಂದ ಈ ಬದಲಾವಣೆ ಸರಿ. ಆದರೆ ಬಸ್ ನಿಲ್ದಾಣ, ಕೊಳೆಗೇರಿಗಳಲ್ಲಿ ವರ್ಷಗಟ್ಟಲೆ ಓಡಾಡಿ ಸಂಸ್ಥೆಗಳ ಕಾರ್ಯಕರ್ತರು ಗಳಿಸಿದ್ದ ನಂಬಿಕೆ ಆದೇಶದ ಮೂಲಕ ವರ್ಗಾವಣೆಯಾಗುವುದಿಲ್ಲ. ಸಮವಸ್ತ್ರ ಕಂಡರೆ ಓಡುವ ಮಗು ಪರಿಚಿತ ಅಕ್ಕನ ಹತ್ತಿರ ಬಾಯಿ ಬಿಡುತ್ತದೆ.

ಹಾಗಾಗಿ ವ್ಯವಸ್ಥೆಯನ್ನು ಸುಧಾರಿಸಬೇಕಾದ ಜಾಗ ಸ್ಪಷ್ಟವಾಗಿದೆ. ಸಮಾಜ ಕಾರ್ಯಕರ್ತರ ಹುದ್ದೆಗಳು ಕಾಯಂ ಆಗಬೇಕು. ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳ ಪ್ರಕರಣ ಇರಬಹುದೆಂಬುದಕ್ಕೆ ಮಿತಿ ಬೇಕು. ರಾತ್ರಿ ಹಳ್ಳಿಗೆ ಹೋಗುವವರಿಗೆ ವಾಹನ ಬೇಕು, ಜೊತೆಗೊಬ್ಬರು ಬೇಕು. ದಿನವೂ ಮಕ್ಕಳ ನೋವನ್ನೇ ಕೇಳುವವರಿಗೆ ಅನುಭವಿ ಮಾರ್ಗದರ್ಶಕರ, ಆಪ್ತಸಮಾಲೋಚಕರ ನೆರವು ಸೇವಾ ಷರತ್ತಾಗಿಯೇ ಸಿಗಬೇಕು. ದಣಿದು ಕೆಲಸ ಬಿಡುವ ಒಬ್ಬೊಬ್ಬ ಕಾರ್ಯಕರ್ತೆಯ ಹಿಂದೆಯೂ, ತಮ್ಮ ಕಥೆಯನ್ನು ಹೊಸಬರಿಗೆ ಮೊದಲಿನಿಂದ ಹೇಳಬೇಕಾದ ಮಕ್ಕಳಿರುತ್ತಾರೆ. ಕಾರ್ಯಕರ್ತರ ಭದ್ರತೆಗೆ ಮಾಡುವ ಖರ್ಚನ್ನು ಮಕ್ಕಳ ರಕ್ಷಣೆಯ ಖರ್ಚೆಂದೇ ಬಜೆಟ್ಟಿನಲ್ಲಿ ಬರೆಯುವ ದಿನ 1098 ತನ್ನ ಮಾತನ್ನು ಪೂರ್ತಿ ಉಳಿಸಿಕೊಂಡೀತು.