ಹೆರಿಗೆ ಕೋಣೆಯಲ್ಲಿ ಕೈ ಬದಲಾಗುವ ಹೊತ್ತು

ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿಲೋಮೀಟರ್. ಸಿಂದಗಿಯಿಂದ 60ರ ಹತ್ತಿರ, ಇಂಡಿಯಿಂದ 55ರ ಆಸುಪಾಸು, ಬಸವನ ಬಾಗೇವಾಡಿಯಿಂದ ಇನ್ನೂ ಕಡಿಮೆ. ಬಿ.ಪಿ. ಏರಿದ ಬಸುರಿಯನ್ನು ರಾತ್ರಿ ಹೊತ್ತು ಜಿಲ್ಲಾಸ್ಪತ್ರೆಗೆ ಕಳಿಸಬೇಕಾದಾಗ ಈ ದೂರಕ್ಕೆ ಬೇರೆಯೇ ತೂಕ ಬರುತ್ತದೆ. ಆಕೆಯ ಜತೆ ಹೋಗುವುದು ಒಂದು ತಾಯಿ ಕಾರ್ಡ್, ಒಂದು ರೆಫರಲ್ ಚೀಟಿ, ಗಾಬರಿಗೊಂಡ ಅತ್ತೆ. ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂದಷ್ಟೇ ಇದ್ದರೆ, ಅಲ್ಲಿಯವರೆಗೆ ನಡೆದ ಶುಶ್ರೂಷೆಯೆಲ್ಲ ಗೇಟಿನ ಹೊರಗೇ ಉಳಿದಂತೆ.

ಹಳ್ಳಿಯ ಬಸುರಿ ಇಂದು ಎಷ್ಟು ಕೈ ದಾಟಿ ಹೆರಿಗೆ ಟೇಬಲ್ಲಿಗೆ ಬರುತ್ತಾಳೆ ನೋಡಿ. ಮೊದಲು ಆಶಾ, ಆಮೇಲೆ ಉಪಕೇಂದ್ರದ ಎ.ಎನ್.ಎಂ., ಪಿ.ಎಚ್.ಸಿ.ಯ ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡು, 108ರ ಸಿಬ್ಬಂದಿ, ಕೊನೆಗೆ ಜಿಲ್ಲಾಸ್ಪತ್ರೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಜನನಿ ಸುರಕ್ಷಾ ಯೋಜನೆ, 2008ರ ನವೆಂಬರಿನಲ್ಲಿ ರಾಜ್ಯದ 108 ಆಂಬುಲೆನ್ಸ್ ಸೇರಿ ಈ ಸರಪಳಿಯನ್ನು ಕಟ್ಟಿದವು. ಹೆಂಗಸರನ್ನು ಮನೆಯಿಂದ ದವಾಖಾನೆಗೆ ತಂದ ಶ್ರೇಯಸ್ಸು ಅದಕ್ಕೆ ಸಲ್ಲಲೇಬೇಕು. ಕೊಂಡಿಗಳು ಗಟ್ಟಿಯಾಗಿಯೇ ಇವೆ. ಸಡಿಲವಾಗಿರುವುದು ಒಂದು ಕೊಂಡಿ ಇನ್ನೊಂದಕ್ಕೆ ಸೇರುವ ಜಾಗ.

ಕೆಲಸ ವಹಿಸಿಕೊಡುವುದರಲ್ಲಿ ಸರ್ಕಾರ ಹಿಂಜರಿಯಲಿಲ್ಲ. 2010ರ ಕೇಂದ್ರದ ಮಾರ್ಗಸೂಚಿಯು ಮೊದಲು ವೈದ್ಯರ ಕೈಯಲ್ಲೇ ಇದ್ದ ಕೆಲವು ಔಷಧಗಳನ್ನು ಎ.ಎನ್.ಎಂ. ಮತ್ತು ಸ್ಟಾಫ್ ನರ್ಸ್‌ಗಳ ಕೈಗೆ ಕೊಟ್ಟಿತು. ಹೆರಿಗೆಯಾದ ಕೂಡಲೇ 10 ಯೂನಿಟ್ ಆಕ್ಸಿಟೋಸಿನ್, ಫಿಟ್ಸ್ ಬಂದ ತಾಯಿಗೆ ಕಳಿಸುವ ಮುನ್ನ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್: ಒಟ್ಟು 10 ಗ್ರಾಂ, ಎರಡೂ ಕುಂಡೆಗೆ ಐದೈದು. ಧೈರ್ಯದ ನಿರ್ಧಾರ, ಸರಿಯಾದ ನಿರ್ಧಾರ. ಆದರೆ ಆದೇಶ ಕೊಡುವ ಅಧಿಕಾರ ಬೇರೆ, ವಾರ್ಡಿನಲ್ಲಿ ಸಿಗುವ ಅಧಿಕಾರ ಬೇರೆ. ಏನಾದರೂ ಹೆಚ್ಚುಕಡಿಮೆಯಾದರೆ ತನ್ನ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದು ಗೊತ್ತಿಲ್ಲದ ಸಿಸ್ಟರ್ ಸಿರಿಂಜು ಕೈಗೆತ್ತಿಕೊಳ್ಳುವ ಮೊದಲು ಫೋನು ಎತ್ತಿಕೊಳ್ಳುತ್ತಾಳೆ. ಅದನ್ನು ಹೆದರಿಕೆ ಎಂದು ಬೈಯುವುದು ಸುಲಭ. ಕೆಲಸವನ್ನು ಕೆಳಗಿಳಿಸಿ ಹೊಣೆಯ ಬೆಂಬಲವನ್ನು ಮೇಲೆಯೇ ಇಟ್ಟುಕೊಂಡ ವ್ಯವಸ್ಥೆಯಲ್ಲಿ ಅದು ಬುದ್ಧಿವಂತಿಕೆಯೂ ಹೌದು.

ಇನ್ನು ಡ್ಯೂಟಿ ಬದಲಾಗುವ ಹೊತ್ತು. ರಾತ್ರಿ ಎಂಟರ ಸುಮಾರಿಗೆ ಒಬ್ಬರು ಬ್ಯಾಗು ಹೆಗಲಿಗೇರಿಸಿ ಹೊರಟಿರುತ್ತಾರೆ, ಇನ್ನೊಬ್ಬರು ಆಗಷ್ಟೇ ಬಸ್ಸಿಳಿದು ಬಂದಿರುತ್ತಾರೆ. ‘ಮೂರ್ನೇ ಬೆಡ್ಡಿನಾಕಿಗಿ ಬಿ.ಪಿ. ಜಾಸ್ತಿ ಐತ್ರಿ, ನೋಡ್ಕೋರಿ ಅಕ್ಕಾರ’ ಎಂದರೆ ಮುಗಿಯಿತು. ಎಷ್ಟು ಜಾಸ್ತಿ, ಎಷ್ಟೊತ್ತಿಗೆ ನೋಡಿದ್ದು, ಇಂಜೆಕ್ಷನ್ ಆಯಿತೋ ಇಲ್ಲವೋ, ಡಾಕ್ಟರಿಗೆ ಗೊತ್ತೋ? ಅದೇ ಸಿಸ್ಟರ್ ‘ಏಳಕ್ಕ 160–110 ಇತ್ತು, ಮ್ಯಾಗ್‌ಸಲ್ಫ್ ಎರಡೂ ಕಡೆ ಹಾಕೀನಿ, ಡಾಕ್ಟರಿಗೆ ಹೇಳೀನಿ, 108 ಬರಾಕತ್ತೈತಿ’ ಎಂದಿದ್ದರೆ ಅರ್ಧ ನಿಮಿಷವೂ ಹೆಚ್ಚು ಹಿಡಿಯುತ್ತಿರಲಿಲ್ಲ. ಡೋಸ್ ಕೊಟ್ಟ ಹೊತ್ತು ಚೀಟಿಯಲ್ಲಿಲ್ಲದಿದ್ದರೆ ಮುಂದಿನ ಆಸ್ಪತ್ರೆ ಒಂದೋ ಮತ್ತೆ ಕೊಡುತ್ತದೆ, ಇಲ್ಲವೇ ಕೊಟ್ಟಿರಬಹುದೆಂದು ಬಿಡುತ್ತದೆ. ಮೊದಲನೆಯದರಿಂದ ಉಸಿರಾಟಕ್ಕೆ ಅಪಾಯ, ಎರಡನೆಯದರಿಂದ ಮತ್ತೆ ಫಿಟ್ಸ್.

ಈ ಹುಳುಕಿಗೆ ಮದ್ದು ಹುಡುಕಿದವರು ಇಲ್ಲಿಯೇ ಇದ್ದರು. 2009ರಿಂದ 2015ರವರೆಗೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆಯಲ್ಲಿ ವಿಜಯಪುರವೂ ಸೇರಿತ್ತು. ಅದರಡಿ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಪಿ.ಎಚ್.ಸಿ.ಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಅರ್ಧ ಕೇಂದ್ರಗಳಿಗೆ ತರಬೇತಾದ ನರ್ಸ್ ಮೆಂಟರ್‌ಗಳು ಆಗಾಗ ಬಂದು, ಅಲ್ಲಿನ ಸಿಬ್ಬಂದಿಯ ಪಕ್ಕದಲ್ಲೇ ನಿಂತು ಕಲಿಸಿದರು, ಕೇಸ್ ಶೀಟ್ ತುಂಬುವುದನ್ನು ರೂಢಿ ಮಾಡಿಸಿದರು. ಆ ಕೇಂದ್ರಗಳಲ್ಲಿ ಔಷಧ-ಸಲಕರಣೆಗಳ ಸಿದ್ಧತೆ, ತೊಡಕಿನ ಹೆರಿಗೆ ಬಗ್ಗೆ ಸಿಬ್ಬಂದಿಯ ತಿಳಿವಳಿಕೆ ಎರಡೂ ಸುಧಾರಿಸಿದವು. ಈ ಯೋಜನೆಯನ್ನು ಹೊಗಳುವವರು ಸಾಮಾನ್ಯವಾಗಿ ಕೇಸ್ ಶೀಟನ್ನು ತೋರಿಸುತ್ತಾರೆ. ನನಗೆ ಹಾಗನಿಸುವುದಿಲ್ಲ. ಕೆಲಸ ಮಾಡಿದ್ದು ಪಕ್ಕದಲ್ಲಿ ನಿಂತ ಇನ್ನೊಬ್ಬ ನರ್ಸ್. ಶೀಟು ಆಕೆಯ ಕೈಯಲ್ಲಿದ್ದ ನೆಪ.

ಈ ಅನುಮಾನಕ್ಕೆ ಪುಷ್ಟಿ ಕೊಡುವ ಇನ್ನೊಂದು ಕಥೆ ಕೂಡ ಕರ್ನಾಟಕದಲ್ಲೇ ಶುರುವಾಗಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು 2010ರ ಜುಲೈನಿಂದ ಡಿಸೆಂಬರ್‌ವರೆಗೆ ನಮ್ಮ ರಾಜ್ಯದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗಿಸಿದಾಗ, ಪ್ರತಿ ಹೆರಿಗೆಯಲ್ಲಿ ಪಾಲಿಸಬೇಕಾದ 29 ಕ್ರಮಗಳಲ್ಲಿ ಸರಾಸರಿ 10 ಇದ್ದದ್ದು 25ಕ್ಕೆ ಏರಿತು. ಎಲ್ಲರೂ ಬೆರಗಾದರು. ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು, 2017ರಲ್ಲಿ ಫಲಿತಾಂಶ ಬಂತು. ತರಬೇತುದಾರರು ಬರುತ್ತಿದ್ದಾಗ, ಎರಡನೇ ತಿಂಗಳಲ್ಲಿ, ಪಾಲನೆ ಶೇ. 73ರಷ್ಟಿತ್ತು, ಚೆಕ್‌ಲಿಸ್ಟ್ ಇಲ್ಲದ ಕಡೆ ಶೇ. 42. ಅವರ ಭೇಟಿ ನಿಂತ ನಾಲ್ಕು ತಿಂಗಳಿಗೆ ಅದು ಶೇ. 62ಕ್ಕೆ ಇಳಿಯಿತು. ತಾಯಿ-ಮಗುವಿನ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಳೆ ಗೋಡೆಯ ಮೇಲೆ ಇದ್ದೇ ಇತ್ತು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇನ್ನೊಂದು ಗಂಟಿದೆ, ಗುಳೆ. ಗೋವಾಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ತಾಂಡಾದ ಹೆಣ್ಣುಮಗಳು ಹೆಸರು ಬರೆಸುವುದು ಒಂದು ಕಡೆ, ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ಇನ್ನೊಂದು ಕಡೆ. ಇಂಡಿ ಗಡಿಯವರಿಗೆ ಸೊಲ್ಲಾಪುರವೂ ಹತ್ತಿರ. ಸರಪಳಿಯ ಯಾವ ಕೊಂಡಿಗೂ ಆಕೆಯ ಪೂರ್ತಿ ಕಥೆ ಗೊತ್ತಿರುವುದಿಲ್ಲ, ಮಡಚಿ ಮಡಚಿ ಹರಿದ ತಾಯಿ ಕಾರ್ಡಿನ ಹೊರತು. ಆ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಬರೆಯುವ ಜಾಗ ಖಾಲಿ ಬಿಟ್ಟ ಎ.ಎನ್.ಎಂ. ಮೇಲೆ ರೇಗುವ ತಾಲ್ಲೂಕು ಆಸ್ಪತ್ರೆ, ತಾನು ಬರೆಯುವ ರೆಫರಲ್ ಚೀಟಿಯನ್ನೂ ಅದೇ ಕಣ್ಣಿನಿಂದ ನೋಡಬೇಕಲ್ಲವೇ? ವಾರ್ಡಿಗೆ ಪೋಸ್ಟಿಂಗ್ ಬಂದ ನರ್ಸಿಂಗ್ ವಿದ್ಯಾರ್ಥಿ ನೋಡಿದ ಬಿ.ಪಿ., ಆಯಾ ಗಮನಿಸಿದ ರಕ್ತಸ್ರಾವ ಕೇಸ್ ಶೀಟಿಗೆ ಬರುವುದು ಸಿಸ್ಟರ್ ಕೇಳಿದರೆ ಮಾತ್ರ. ಕೇಳುವ ರೂಢಿ ಇಲ್ಲದ ವಾರ್ಡಿನಲ್ಲಿ ತಂಡ ಎನ್ನುವುದು ಡ್ಯೂಟಿ ಚಾರ್ಟಿನ ಮೇಲಿನ ಹೆಸರುಗಳಷ್ಟೇ.

ಎಲ್ಲಕ್ಕಿಂತ ನನ್ನನ್ನು ಕಾಡುವ ಕೊರತೆ ಬೇರೆಯದು. ತಾಯಿ ಸತ್ತರೆ ತಾಯಿ ಮರಣ ಪರಿಶೀಲನೆ ನಡೆಯುತ್ತದೆ, ಸರಪಳಿಯ ಎಲ್ಲರನ್ನೂ ಕರೆದು ವಿಚಾರಿಸುತ್ತಾರೆ. ಆಕೆ ಬದುಕಿ ಬಂದರೆ, ಸಿಂದಗಿಯಿಂದ ಕಳಿಸಿದ ಸಿಸ್ಟರ್‌ಗೆ ಸುದ್ದಿ ಮುಟ್ಟಿಸುವುದು ಯಾರ ಕೆಲಸವೂ ಅಲ್ಲ. ತಾನು ಹಾಕಿದ ಮೊದಲ ಡೋಸ್ ಕೆಲಸ ಮಾಡಿತೋ, ತಡವಾಯಿತೋ, ಕಳಿಸದೇ ಇರಬಹುದಿತ್ತೋ ಎಂಬುದು ಗೊತ್ತಾಗದೆ ಮುಂದಿನ ರಾತ್ರಿ ಇನ್ನೊಬ್ಬಳನ್ನು ಕಳಿಸುತ್ತಾಳೆ. ಆಶಾ ಕಾರ್ಯಕರ್ತೆಗೆ ಮಾತ್ರ ಎಲ್ಲ ಗೊತ್ತಿರುತ್ತದೆ: ಆಸ್ಪತ್ರೆ ಹೆರಿಗೆಯಾದ ಮನೆಗೂ ಆಕೆ 3, 7, 14, 21, 28, 42ನೇ ದಿನಗಳಲ್ಲಿ ಹೋಗಿ ಬಾಣಂತಿ-ಮಗುವನ್ನು ನೋಡಬೇಕೆಂಬ ನಿಯಮವಿದೆ. ಆ ಭೇಟಿಯ ಒಂದು ಸಾಲು, ಕಳಿಸಿದ ವಾರ್ಡಿನ ರಿಜಿಸ್ಟರಿಗೆ ವಾಪಸು ಬಂದರೆ ಸಾಕು. ಅದಕ್ಕೆ ಹೊಸ ಯೋಜನೆ ಬೇಡ, ಹೊಸ ಆ್ಯಪ್ ಅಂತೂ ಬೇಡವೇ ಬೇಡ. ತಾಲ್ಲೂಕು ಆಸ್ಪತ್ರೆಯ ರೆಫರಲ್ ರಿಜಿಸ್ಟರಿನಲ್ಲಿ ‘ಮುಂದೇನಾಯಿತು’ ಎಂಬ ಒಂದು ಕಾಲಂ, ಅದನ್ನು ವಾರಕ್ಕೊಮ್ಮೆ ಆಶಾಗೆ ಫೋನು ಮಾಡಿ ತುಂಬಬೇಕಾದ ಒಬ್ಬ ಸಿಸ್ಟರ್ ಹೆಸರು.