ಅಂಕಕ್ರೀಡೆಯಲ್ಲಿ ನಿಯಮೌಚಿತ್ಯ

ಸುಡೋಕು ಎಂಬ ಅಂಕಕ್ರೀಡೆಯು ವೃತ್ತಪತ್ರಿಕೆಗಳ ಮೂಲಕ ಮನೆಮನೆಗೂ ಬಂದಿರುವುದು. 9 ಸಾಲು, 9 ಕಂಬ, 3×3 ಮನೆಗಳ 9 ಚೌಕ. ಇವುಗಳಲ್ಲಿ ಒಂದೊಂದರಲ್ಲಿಯೂ 1ರಿಂದ 9ರವರೆಗಿನ ಅಂಕಗಳು ಒಂದೊಂದು ಸಲ ಮಾತ್ರವೇ ಬರತಕ್ಕದ್ದು. 1979ರಲ್ಲಿ ಅಮೆರಿಕದ ಹವರ್ಡ್ ಗಾರ್ನ್ಸ್ ಎಂಬವರ ರಚನೆಯಾಗಿ ಅಚ್ಚಾದ ಈ ಆಟವನ್ನು 1984ರಲ್ಲಿ ಜಪಾನಿನ ನಿಕೋಲಿ ಪ್ರಕಾಶಕರು ಕೈಗೆತ್ತಿಕೊಂಡರು. ಈಚೆಗೆ ಮೂಲನಿಯಮಕ್ಕೆ ಹೊಸ ಹೊಸ ನಿಯಮಗಳನ್ನು ಕೂಡಿಸಿ ಭೇದಗಳನ್ನು ಕಲ್ಪಿಸುವುದೇ ಒಂದು ವಿದ್ಯೆಯಾಗಿ ಬೆಳೆದಿದೆ. ಇಂಥ ನಿಯಮಗಳಲ್ಲಿ ಯಾವುದು ಒಳ್ಳೆಯದು, ಯಾವುದು ಬರಿಯ ಆಡಂಬರ ಎಂಬುದನ್ನು ನಿರ್ಣಯಿಸಲು ಮಾನದಂಡವೇನು? ಇದೇ ಇಲ್ಲಿಯ ವಿಚಾರ.

ಸಾಹಿತ್ಯಾಭ್ಯಾಸಿಗಳಿಗೆ ಅಂಕಗಳ ಗೊಡವೆಯೇಕೆಂದು ಕೆಲವರು ಆಕ್ಷೇಪಿಸಬಹುದು. ವ್ಯಂಗ್ಯವಿಲ್ಲದ ಚಿತ್ರಕಾವ್ಯವನ್ನು ಮಮ್ಮಟನು ಅವರವೆಂದು ಕೆಳಗಿಟ್ಟಿರುವಾಗ, ಅಕ್ಷರವೂ ಇಲ್ಲದ ಈ ಬಂಧಗಳಿಗೆ ವಿಮರ್ಶೆಯಲ್ಲಿ ಸ್ಥಾನವೆಲ್ಲಿ? ಇದಕ್ಕೆ ಸಮಾಧಾನವಿಷ್ಟೆ: ನಿಯಮವು ರಚನೆಗೆ ಯಾವಾಗ ಜೀವವಾಗುತ್ತದೆ, ಯಾವಾಗ ಹೊರೆಯಾಗುತ್ತದೆ ಎಂಬ ಪ್ರಶ್ನೆಯು ಛಂದಸ್ಸಿಗೂ ಪ್ರಾಸಕ್ಕೂ ಬಂಧಕ್ಕೂ ಸಮಾನವಾದುದು. ಅರ್ಥದ ಸೊಬಗು ಅಡ್ಡಬಾರದ ಅಂಕಕ್ರೀಡೆಯಲ್ಲಿ ಅದು ಬೆತ್ತಲೆಯಾಗಿ ಕಾಣಿಸುತ್ತದೆ. ಅಲ್ಲದೆ ಕುದುರೆಯ ನಡೆಯನ್ನು ಬಂಧವಾಗಿ ಮಾಡಿದವರು ಮೊದಲು ನಮ್ಮ ಆಲಂಕಾರಿಕರೇ. 9ನೆಯ ಶತಮಾನದ ರುದ್ರಟನು ತುರಗಪದವನ್ನು ಲಕ್ಷ್ಯಸಹಿತವಾಗಿ ನಿರೂಪಿಸಿದನು. ವೇದಾಂತದೇಶಿಕರು ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ಅದನ್ನು ಭಕ್ತಿಗೆ ಹಚ್ಚಿದರು.

ಲಕ್ಷಣಕ್ಕೆ ಹೇಳುವ ದೋಷಗಳಲ್ಲಿ ಎರಡು ಇಲ್ಲಿಗೆ ನೇರವಾಗಿ ಅನ್ವಯಿಸುತ್ತವೆ. ಒಂದು ಸಮಸ್ಯೆಗೆ ಅನೇಕ ಉತ್ತರಗಳು ಬಂದರೆ ಅದು ಅತಿವ್ಯಾಪ್ತಿ. ಸಾಮಾನ್ಯ ಸುಡೋಕುವಿನಲ್ಲಿ 16 ಅಂಕಗಳನ್ನು ಮಾತ್ರ ಕೊಟ್ಟರೆ ಉತ್ತರವು ಎಂದಿಗೂ ಒಂದೇ ಆಗದು, 17 ಆದರೂ ಬೇಕೆಂದು 2012ರಲ್ಲಿ ಡಬ್ಲಿನ್ನಿನ ಗ್ಯಾರಿ ಮೆಕ್‌ಗ್ವೈರ್ ಮತ್ತು ಸಂಗಡಿಗರು ಗಣಕಯಂತ್ರದಿಂದ ಸಿದ್ಧಪಡಿಸಿದರು. ಉತ್ತರವೇ ಇಲ್ಲದಿದ್ದರೆ ಅಸಂಭವ. ಇದಕ್ಕೆ ಉದಾಹರಣೆಯನ್ನು ನಮ್ಮ ನಾಡಿನ ಬಳಿಯಿಂದಲೇ ತೆಗೆದುಕೊಳ್ಳಬಹುದು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹಲಗೆಯಾಟಗಳನ್ನು ಕಲ್ಪಿಸಿದ ಪ್ರಭುಗಳು. ಕುದುರೆಯು ಮನೆಗೊಂದು ಸಲದಂತೆ ಹಲಗೆಯನ್ನೆಲ್ಲ ಸುತ್ತುವ ಬಂಧಗಳಲ್ಲಿ ಬಹಳ ಪರಿಶ್ರಮಪಟ್ಟವರು. ಹೀಗೆ ಸುತ್ತುವಾಗ ಮನೆಗಳಿಗೆ 1ರಿಂದ 64ರವರೆಗೆ ಕ್ರಮವಾಗಿ ಅಂಕವಿಟ್ಟರೆ ಒಟ್ಟು ಮೊತ್ತ 2080. ಪ್ರತಿ ಸಾಲೂ ಪ್ರತಿ ಕಂಬವೂ ಸಮವಾಗಬೇಕಾದರೆ ಒಂದೊಂದಕ್ಕೆ 260 ಬರಬೇಕು. ಇಂಥ ಭದ್ರಗಳು ಉಂಟು. ಎರಡು ಕರ್ಣಗಳೂ 260 ಆಗಲೆಂದು ಇನ್ನೊಂದು ನಿಯಮವನ್ನು ಕೂಡಿಸಿದರೆ ಒಂದೂ ಉಳಿಯದೆಂದು 2003ರಲ್ಲಿ ಗಣಕಯಂತ್ರದ ಶೋಧನೆಯಿಂದ ನಿಶ್ಚಿತವಾಯಿತು. ನಿಯಮವು ಸುಂದರವೇ, ಕ್ಷೇತ್ರವು ಅದನ್ನು ತಾಳಲಾರದು.

ಈ ಎರಡು ದೋಷಗಳನ್ನು ಗಣಿತಜ್ಞನು ಹಿಡಿಯಬಲ್ಲನು. ಮೂರನೆಯದೊಂದುಂಟು, ಅದನ್ನು ಸಹೃದಯನೇ ಹಿಡಿಯಬೇಕು. ಮೈಸೂರಿನ ಬಂಧದಲ್ಲಿ ಕುದುರೆಯ ನಡೆಯು ವಿಧಿ. ಹೊಸ ಸುಡೋಕುಕಾರರು ಅದನ್ನೇ ನಿಷೇಧವಾಗಿ ತಿರುಗಿಸಿರುವರು: ಒಂದು ಅಂಕವಿರುವ ಮನೆಯಿಂದ ಕುದುರೆ ಹಾರುವ ಮನೆಯಲ್ಲಿ ಅದೇ ಅಂಕ ಇರಕೂಡದು. ಇದನ್ನು 4×4 ಮನೆಗಳ, 2×2ರ ಚೌಕಗಳುಳ್ಳ ಕಿರಿಯ ಸುಡೋಕುವಿನಲ್ಲಿ ಪರೀಕ್ಷಿಸೋಣ. ಎಡದ ಮೇಲಿನ ಮೂಲೆಯಲ್ಲಿ 1 ಇದ್ದರೆ, ಎರಡನೆಯ ಸಾಲಿನಲ್ಲಿ ಅದಕ್ಕೆ ಮೂರನೆಯ ಅಥವಾ ನಾಲ್ಕನೆಯ ಮನೆ. ಮೂರನೆಯದು ಕುದುರೆಯ ಮನೆಯಾದುದರಿಂದ ನಾಲ್ಕನೆಯದೇ ಗತಿ. ಮೂರನೆಯ ಸಾಲಿನಲ್ಲಿ ಎರಡನೆಯ ಮನೆ ಅದೇ ಕಾರಣದಿಂದ ತಪ್ಪಿ ಮೂರನೆಯದು ಉಳಿಯುತ್ತದೆ. ಕೊನೆಯ ಸಾಲಿನಲ್ಲಿ ಎರಡನೆಯದು. ಉಳಿದ ಅಂಕಗಳಿಗೂ ಇದೇ ಕ್ರಮ. ಮೊದಲ ಸಾಲನ್ನು ಬರೆದೊಡನೆ ಮಿಕ್ಕುದೆಲ್ಲವೂ ನಿಂತುಬಿಡುತ್ತದೆ:

1 2 3 4
4 3 2 1
3 4 1 2
2 1 4 3

ಈ ನಿಯಮವಿಲ್ಲದಾಗ 288 ಚೌಕಗಳಿದ್ದುವು; ಈಗ 24, ಅವೂ ಅಂಕಗಳ ಹೆಸರು ಬದಲಾದ ಒಂದೇ ಚೌಕ. ಎಲ್ಲಿಯಾದರೂ ಸರಿ, ಮೂರು ಬೇರೆ ಬೇರೆ ಅಂಕಗಳನ್ನು ಅವಿರೋಧವಾಗಿ ಕೊಟ್ಟರೆ ಉತ್ತರ ಸಿದ್ಧ. ಅತಿವ್ಯಾಪ್ತಿಯಿಲ್ಲ, ಅಸಂಭವವಿಲ್ಲ, ಆದರೂ ಆಟವು ಸತ್ತಿದೆ. ಒಮ್ಮೆ ಬಿಡಿಸಿದವನಿಗೆ ಮತ್ತೆ ಯೋಚಿಸುವ ಎಡೆಯೇ ಇಲ್ಲ. ಇದನ್ನು ನಿರವಕಾಶದೋಷವೆಂದು ಕರೆಯುವೆನು. ಆದರೆ ಇದೇ ನಿಷೇಧವು 9×9ರಲ್ಲಿ ಕೆಲವು ಮನೆಗಳನ್ನು ಮಾತ್ರ ಮುಚ್ಚಿ, ಮೂಲನಿಯಮಕ್ಕೆ ಕಾಣದ ದಾರಿಗಳನ್ನು ತೆರೆಯುತ್ತದೆ. ದೋಷವು ನಿಯಮದ್ದಲ್ಲ, ಯೋಗದ್ದು.

2020ರಲ್ಲಿ ಮಿಚೆಲ್ ಲೀ ಎಂಬವರು ರಚಿಸಿದ ಪ್ರಸಿದ್ಧ ಸಮಸ್ಯೆಯನ್ನೂ ಈ ದೃಷ್ಟಿಯಿಂದಲೇ ನೋಡತಕ್ಕದ್ದು. ಕುದುರೆಯ ನಿಷೇಧ, ರಾಜನ ನಡೆಯ ನಿಷೇಧ, ಪಕ್ಕದ ಮನೆಗಳಲ್ಲಿ ಅನುಕ್ರಮಾಂಕಗಳ ನಿಷೇಧ, ಈ ಮೂರನ್ನು ಕೂಡಿಸಿ ಕೊಟ್ಟ ಅಂಕಗಳನ್ನು ಎರಡಕ್ಕೆ ಇಳಿಸಿರುವರು. ಮೂರು ನಿಷೇಧಗಳೂ ಒಂದಕ್ಕೊಂದು ಕೈಕೊಡುವ ಲಾಘವವು ಶ್ಲಾಘ್ಯವಾದುದು. ಮೊದಲು ಬಿಡಿಸುವವನಿಗೆ ಅದ್ಭುತವೇ ಸ್ಥಾಯಿ. ಆದರೆ ಮುಗಿದ ಚೌಕದಲ್ಲಿ ಪ್ರತಿ ಸಾಲೂ ಮೊದಲ ಸಾಲಿನ ಅಂಕಮಾಲೆಯೇ ಬೇರೆಡೆಯಿಂದ ಆರಂಭವಾದುದು. ಗುಟ್ಟು ತಿಳಿದವನಿಗೆ ಎರಡನೆಯ ಸಲ ಆ ರುಚಿಯಿಲ್ಲ. ಮುಕ್ತಕವಾಗಿ ಅದು ಉತ್ತಮ. ಅದನ್ನು ಅನುಕರಿಸಿ ಮಾಲಿಕೆ ಕಟ್ಟುವವರಿಗೆ ನಿರವಕಾಶವು ತಪ್ಪದು.

ಸಾವಕಾಶವಾದ ನಿಷೇಧಕ್ಕೆ ಅವಧಾನದ ನಿಷೇಧಾಕ್ಷರಿಯನ್ನು ನೋಡಬೇಕು. ಅವಧಾನಿಯು ಒಂದು ಅಕ್ಷರ ನುಡಿದೊಡನೆ ಪೃಚ್ಛಕನು ಮುಂದಿನದಕ್ಕೆ ಒಂದು ಅಕ್ಷರವನ್ನು ನಿಷೇಧಿಸುವನು. ನಿಯಮವು ಹೆಜ್ಜೆಹೆಜ್ಜೆಗೂ ಹೊಸದು, ಆದರೂ ದಾರಿ ಮುಚ್ಚದು. 2012ರಲ್ಲಿ ಬೆಂಗಳೂರಿನಲ್ಲಿ ರಾ. ಗಣೇಶರು ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರು. ನಿಯಮವೂ ಸ್ವಾತಂತ್ರ್ಯವೂ ಒಟ್ಟಿಗೆ ಬಾಳಬಲ್ಲುವೆಂಬುದಕ್ಕೆ ಈ ಕಲೆಯೇ ಸಾಕ್ಷಿ.

ನಮ್ಮ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳ ಕೆಲಸಗಾರರಿಗೆ ಈ ತತ್ತ್ವವನ್ನು ಬೋಧಿಸಬೇಕಾಗಿಲ್ಲ. ಅಚ್ಚು ಗುಂಡಿಗೆ ಸಡಿಲವಾದರೆ ಅದುರುತ್ತದೆ, ದಪ್ಪವಾದರೆ ಹೊಗದು, ತೀರ ಬಿಗಿಯಾದರೆ ಹೊಕ್ಕೂ ತಿರುಗದು. ಕ್ಷೇಮೇಂದ್ರನು ಔಚಿತ್ಯವೆಂದುದು ಇದನ್ನೇ ಎಂದು ನನ್ನ ಅಭಿಪ್ರಾಯ. ಆದುದರಿಂದ ಹೊಸ ನಿಯಮವನ್ನು ಕಲ್ಪಿಸುವವರು ಮೂರು ಪರೀಕ್ಷೆಗಳನ್ನು ನಡೆಸತಕ್ಕದ್ದು: ಆ ನಿಯಮವನ್ನು ತೆಗೆದುಹಾಕಿ, ಉತ್ತರವು ಕೆಡುವುದೇ ಎಂದು ನೋಡುವುದು, ಕ್ಷೇತ್ರವನ್ನು ಹಿಗ್ಗಿಸಿ ಕುಗ್ಗಿಸಿ ನೋಡುವುದು, ಯಂತ್ರಕ್ಕೆ ಒಪ್ಪಿಸುವ ಮುನ್ನ ತಾವೇ ಕೈಯಿಂದ ಬಿಡಿಸುವುದು. ಯಂತ್ರವು ಉತ್ತರ ಒಂದೇ ಎಂದು ಹೇಳೀತು. ಅಲ್ಲಿಗೆ ಹೋಗುವ ದಾರಿಯಲ್ಲಿ ಬುದ್ಧಿಗೆ ಸಂತೋಷವುಂಟೇ ಎಂಬುದನ್ನು ಹೇಳದು. ಬಂಧಗಳನ್ನು ಪಾಠಹೇಳುವ ಅಧ್ಯಾಪಕರು 4×4ರ ಮೇಲಿನ ಚೌಕವನ್ನು ವಿದ್ಯಾರ್ಥಿಗಳಿಂದ ಒಮ್ಮೆ ಕಟ್ಟಿಸಿದರೆ, ಲಕ್ಷಣಶುದ್ಧವಾದ ಪದ್ಯವೂ ಏಕೆ ನೀರಸವಾಗಬಹುದೆಂಬುದು ಅವರಿಗೆ ಸುಲಭವಾಗಿ ಮನದಟ್ಟಾಗುವುದು.