ಮೊದಲು ಬಗಲು ನೋಡಿ

ಮಧ್ಯಯುಗದ ಯುರೋಪಿನ ಉಡುಪನ್ನು ಮತ್ತೆ ಹೊಲಿದು ತೊಟ್ಟವರು ಎದುರಿಗೆ ಬಂದರೆ ಮೊದಲು ಅವರ ಬಗಲು ನೋಡಿ. ಸಭ್ಯರ ನೋಟವಲ್ಲ, ಗೊತ್ತು. ಆದರೂ ನೋಡಿ. ಕಿರೀಟ, ಕತ್ತಿ, ಜರಿಪಟ್ಟಿ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ, ಬಗಲು ಸಿಗುವುದಿಲ್ಲ. ತೋಳು ಮೈಗೆ ಕೂಡುವ ಜಾಗದಲ್ಲಿ ಅಂಗೈಯಗಲದ ಚೌಕ ತುಂಡೊಂದನ್ನು ಓರೆಯಾಗಿ ಕೂರಿಸಿದ್ದರೆ ಹೊಲಿದವರು ಕೆಲಸ ಬಲ್ಲವರು ಎಂದುಕೊಳ್ಳಿ. ಆಮೇಲೆ ಕೈ ಮೇಲೆತ್ತಲು ಹೇಳಿ. ಅಂಗಿಯ ಕೆಳಗಿನ ಅಂಚು ತೋಳಿನ ಜೊತೆಗೇ ಮೇಲೇಳದೆ ತನ್ನ ಪಾಡಿಗೆ ನಿಂತಿದ್ದರೆ, ನೀವು ನೋಡುತ್ತಿರುವುದು ವೇಷವಲ್ಲ, ಬಟ್ಟೆ. ಅದನ್ನು ತೊಟ್ಟು ಹುಲ್ಲು ಕೊಯ್ಯಬಹುದು, ಬಿಲ್ಲು ಎಳೆಯಬಹುದು.

ಇಂಥ ಉಡುಪು ಹೊಲಿದು, ತೊಟ್ಟು, ಹಳೆಯ ಕಾಲದ ಜಾತ್ರೆ, ಕದನ, ಮದುವೆಗಳನ್ನು ಮರುನಟಿಸುವ ಗೀಳು ಯುರೋಪು, ಅಮೆರಿಕಗಳಲ್ಲಿ ಬಲವಾಗಿದೆ. ಅಮೆರಿಕದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಹುಟ್ಟಿದ್ದು 1966ರಲ್ಲಿ, ಬರ್ಕ್ಲಿಯ ಒಂದು ಮನೆಯ ಹಿತ್ತಿಲ ಕೂಟದಲ್ಲಿ. ಪೋಲೆಂಡಿನಲ್ಲಿ 1410ರ ಗ್ರುನ್‌ವಾಲ್ಡ್ ಕದನವನ್ನು ಪ್ರತಿ ಜುಲೈಯಲ್ಲಿ ಮತ್ತೆ ಹೂಡುತ್ತಾರೆ. ಅಲ್ಲಿ ಸೇರುವವರೆಲ್ಲ ಒಂದೇ ದರ್ಜೆಯವರಲ್ಲ. ಮಿರುಗುವ ಪಾಲಿಯೆಸ್ಟರ್ ವೆಲ್ವೆಟ್ ಸುತ್ತಿಕೊಂಡು ರಾಣಿಯಾದವರ ಪಕ್ಕದಲ್ಲೇ, ಒಂದು ಕಾಜಾ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಹೊಲಿಯುತ್ತ ಕೂತವರೂ ಇರುತ್ತಾರೆ. ಈ ಬರಹ ಎರಡನೆಯವರನ್ನು ಗುರುತಿಸಲು ಬಯಸುವವರಿಗೆ.

ಸೀರೆಯಂಗಡಿಯಲ್ಲಿ ಸೆರಗಿನ ಹಿಂಬದಿ ತಿರುಗಿಸಿ ನೋಡಿ ಬೆಲೆ ಅಂದಾಜು ಮಾಡುವ ಅಜ್ಜಿಯರ ಕಣ್ಣು ನಮ್ಮಲ್ಲಿ ಹಲವರಿಗೆ ಬಂದಿದೆ. ಆ ಕಣ್ಣು ಇಲ್ಲಿಯೂ ಅರ್ಧ ದಾರಿ ನಡೆಸುತ್ತದೆ. ಉಳಿದರ್ಧಕ್ಕೆ ಕತ್ತರಿಯನ್ನು ಓದಲು ಕಲಿಯಬೇಕು. ನೇಯ್ದದ್ದನ್ನು ಹಾಗೇ ಸುತ್ತಿಕೊಳ್ಳುವ ಉಡುಪಿನಲ್ಲಿ ಜಾಣತನವೆಲ್ಲ ಮಗ್ಗದ ಮೇಲೆಯೇ ಮುಗಿದಿರುತ್ತದೆ. ಯುರೋಪಿನ ದರ್ಜಿಯದು ಬೇರೆ ಸಂಕಟ. ಬಟ್ಟೆ ವಿಪರೀತ ದುಬಾರಿ, ಕೂಲಿ ಅಗ್ಗ. ಚೂರೊಂದು ವ್ಯರ್ಥವಾದರೂ ಗಿರಾಕಿ ಬಿಡುತ್ತಿರಲಿಲ್ಲ. ಆದ್ದರಿಂದ ಮೈಗೆ ಎರಡು ಆಯತ, ತೋಳಿಗೆ ಎರಡು ತುಂಡು, ಕೆಳಗೆ ಘೇರು ಬರಲು ಪಕ್ಕಗಳಲ್ಲೂ ನಡುವೆಯೂ ಉದ್ದನೆಯ ತ್ರಿಕೋನಗಳು, ಬಗಲಿಗೆ ಉಳಿದ ಚೌಕ. ಒಂದು ತ್ರಿಕೋನ ಕತ್ತರಿಸಿದಾಗ ಉಳಿಯುವುದೇ ಇನ್ನೊಂದು ತ್ರಿಕೋನ. ಇಂದು ಲೆಕ್ಕ ತಲೆಕೆಳಗಾಗಿದೆ. ಬಟ್ಟೆ ಅಗ್ಗ, ಕೈಹೊಲಿಗೆಯ ಹೊತ್ತು ದುಬಾರಿ. ಮರುಸೃಷ್ಟಿಯ ಉಡುಪು ಎಲ್ಲೆಲ್ಲಿ ಸುಳ್ಳಾಡುತ್ತದೋ ಅಲ್ಲೆಲ್ಲ ಬಹುತೇಕ ಈ ತಲೆಕೆಳಗಾದ ಲೆಕ್ಕವೇ ಕಾರಣ.

ತೇಪೆಯನ್ನೇ ನೋಡಿ. ಸ್ಪೇನಿನ ದರ್ಜಿ ಹ್ವಾನ್ ದೆ ಅಲ್ಸೆಗಾ 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದ ತುಂಬ ಇರುವುದು ಒಂದೇ ಒಗಟಿಗೆ ಉತ್ತರ: ಇಷ್ಟು ಅಗಲದ ಬಟ್ಟೆಯಲ್ಲಿ ಈ ನಿಲುವಂಗಿಯ ತುಂಡುಗಳನ್ನು ಹೇಗೆ ಕೂರಿಸುವುದು? ಇಟಲಿಯ ರೇಷ್ಮೆ ವೆಲ್ವೆಟ್ ಸುಮಾರು ಎರಡಡಿ ಅಗಲಕ್ಕೆ ಮಗ್ಗದಿಂದ ಇಳಿಯುತ್ತಿತ್ತು. ಘೇರಿನ ಮೂಲೆ ಆ ಅಗಲವನ್ನು ಮೀರಿದರೆ ಉಳಿಕೆಯಿಂದ ಸಣ್ಣ ತ್ರಿಕೋನ ಕತ್ತರಿಸಿ ಜೋಡಿಸುವುದೇ ದಾರಿ. ಅರಮನೆಯ ಉಡುಪಿನಲ್ಲೂ ಹೀಗೆಯೇ, ಯಾರಿಗೂ ನಾಚಿಕೆಯಿರಲಿಲ್ಲ. ಇಂದು ನಾಲ್ಕೂಮುಕ್ಕಾಲು ಅಡಿ ಅಗಲದ ಬಟ್ಟೆ ಎಲ್ಲೆಂದರಲ್ಲಿ ಸಿಗುವಾಗ ಆ ಜೋಡಣೆಗೆ ಕಾರಣವಿಲ್ಲ. ಆದರೂ ಬಲ್ಲವರು ಹಳೆಯ ಅಗಲವನ್ನು ಸೀಮೆಸುಣ್ಣದಲ್ಲಿ ಗುರುತಿಸಿಕೊಂಡು, ಅದರೊಳಗೇ ತುಂಡುಗಳನ್ನು ಹೂಡಿ, ಬೇಕೆಂದೇ ತೇಪೆ ಹಾಕುತ್ತಾರೆ. ಲಂಗದ ಕೆಳಮೂಲೆಯಲ್ಲಿ ಅಂಥದೊಂದು ಹೊಲಿಗೆಗೆರೆ ಕಂಡರೆ ಅದು ಹೊಲಿದವರ ರುಜು. ಹೊಸಬರು ಅದನ್ನೇ ತಪ್ಪು ಎಂದು ಓದುತ್ತಾರೆ.

‘ಇದು ಹೀಗೇ ಇತ್ತೆಂದು ನಿಮಗೆ ಹೇಗೆ ಗೊತ್ತು?’ ಈ ಬಳಗದಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆ ಇದು. ಜಗಳ ಹುಟ್ಟುವುದೂ ಇದರಿಂದಲೇ. ಉತ್ತರಗಳು ಮೂರು ಕಡೆಯಿಂದ ಬರಬೇಕು: ಉಳಿದುಬಂದ ಬಟ್ಟೆ, ಚಿತ್ರ, ಅಲ್ಸೆಗಾನ ಪುಸ್ತಕದಂಥ ಕಾಗದಪತ್ರ.

ಉಳಿದ ಬಟ್ಟೆ ಬಲು ಕಡಿಮೆ, ಅದರಲ್ಲೂ ಬಡವರದು. 1921ರಲ್ಲಿ ಡೆನ್ಮಾರ್ಕಿನ ಪೌಲ್ ನೋರ್ಲುಂಡ್ ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್‌ಸ್ನೆಸ್ ಎಂಬಲ್ಲಿ ಹಳೆಯ ನಾರ್ಸ್ ಜನರ ಚರ್ಚಿನ ಸ್ಮಶಾನವನ್ನು ಅಗೆದರು. ಅಲ್ಲಿ ಹಲವು ಹೆಣಗಳನ್ನು ಪೆಟ್ಟಿಗೆಯ ಬದಲು ಹಳೆಯ ಉಡುಪಿನಲ್ಲೇ ಸುತ್ತಿ ಹೂತಿದ್ದರು. ಹೆಪ್ಪುಗಟ್ಟಿದ ನೆಲ ಆ ಉಣ್ಣೆಯನ್ನು ಕಾಪಾಡಿತು. ಈಗ ಅವುಗಳಲ್ಲಿ ಹೆಚ್ಚಿನವು ಕೋಪನ್‌ಹೇಗನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಲೋಕದ ಅಂಚಿನ ಕುರಿಸಾಕಣೆಯವರ ಅಂಗಿಗಳಲ್ಲೂ ತ್ರಿಕೋನಗಳ ಲೆಕ್ಕ ತಪ್ಪಿಲ್ಲ, ಒಳಗಿನ ಹೊಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣದು. ಸ್ವೀಡನ್ನಿನ ವಾರ್‌ಬೆರಿ ಬಳಿಯ ಜೌಗಿನಲ್ಲಿ 1936ರಲ್ಲಿ ಸಿಕ್ಕ ‘ಬೊಕ್‌ಸ್ಟೆನ್ ಮನುಷ್ಯ’ನ ಮೈಮೇಲೆ 14ನೆಯ ಶತಮಾನದ ನಿಲುವಂಗಿ, ಮೇಲ್ಹೊದಿಕೆ, ಬಾಲವಿರುವ ಕುಲಾವಿ ಎಲ್ಲ ಇದ್ದವು. ಒಳಂಗಿ ಮಾತ್ರ ಇರಲಿಲ್ಲ. ಆತ ಒಳಂಗಿ ತೊಡುತ್ತಿರಲಿಲ್ಲವೇ? ಹಾಗೆ ಹೇಳಲಾಗದು. ಜೌಗಿನ ಹುಳಿನೀರು ಉಣ್ಣೆಯನ್ನು ಉಳಿಸುತ್ತದೆ, ಅಗಸೆ ನಾರಿನ ಲಿನನ್ನನ್ನು ಕರಗಿಸಿಬಿಡುತ್ತದೆ.

ಸಿಗಲಿಲ್ಲವೆಂದರೆ ಇರಲಿಲ್ಲವೆಂದಲ್ಲ ಎಂಬ ಈ ಮಾತಿಗೆ ಲೆಂಗ್‌ಬರ್ಗ್ ಕೋಟೆಗಿಂತ ಒಳ್ಳೆಯ ಸಾಕ್ಷಿ ಬೇಡ. ಆಸ್ಟ್ರಿಯದ ಪೂರ್ವ ಟಿರೋಲ್‌ನಲ್ಲಿರುವ ಆ ಕೋಟೆಯನ್ನು ರಿಪೇರಿ ಮಾಡುವಾಗ, 2008ರಲ್ಲಿ, ನೆಲದಡಿ ತುಂಬಿದ್ದ ಒಣಕಸ ಹೊರಬಂತು. 15ನೆಯ ಶತಮಾನದ ಕಸ. ಅದರಲ್ಲಿ 2,700ಕ್ಕೂ ಹೆಚ್ಚು ಬಟ್ಟೆಯ ಚೂರುಗಳು, ಅವುಗಳ ನಡುವೆ ಎದೆಗೆ ಎರಡು ಬಟ್ಟಲು ಕತ್ತರಿಸಿ ಹೊಲಿದ, ಇಂದಿನ ಬ್ರಾ ಎಂದೇ ಕರೆಯಬಹುದಾದ ಲಿನನ್ ಒಳಉಡುಪು! 2012ರಲ್ಲಿ ಸುದ್ದಿ ಹೊರಬಿದ್ದಾಗ, ಇಂಥದ್ದು ಆಗ ಇರಲೇ ಇಲ್ಲ ಎಂದು ವರ್ಷಗಟ್ಟಲೆ ಅಧಿಕಾರವಾಣಿಯಿಂದ ಹೇಳಿದವರೆಲ್ಲ ತೆಪ್ಪಗಾಗಬೇಕಾಯಿತು. ಒಳ್ಳೆಯ ಮರುಸೃಷ್ಟಿಕಾರರು ಈ ಕಾರಣಕ್ಕೆ ‘ಇರಲಿಲ್ಲ’ ಎನ್ನುವುದಿಲ್ಲ, ‘ಇನ್ನೂ ಸಿಕ್ಕಿಲ್ಲ’ ಎನ್ನುತ್ತಾರೆ. ಮಾತಿನ ಈ ಎಚ್ಚರವೂ ಅವರನ್ನು ಗುರುತಿಸುವ ಒಂದು ದಾರಿ.

ಚಿತ್ರಗಳನ್ನು ನಂಬುವುದು ಇನ್ನೂ ಕಷ್ಟ. ದೇವದೂತರಿಗೂ ಸಂತರಿಗೂ ಚಿತ್ರಕಾರರು ಯಾರೂ ತೊಡದ ಉಡುಪು ತೊಡಿಸುತ್ತಿದ್ದರು. ಚಿತ್ರಕಾರ ಬ್ರೊಂಜಿನೊ 1545ರ ಸುಮಾರಿಗೆ ಬಿಡಿಸಿದ ಡಚೆಸ್ ಎಲೆಯೊನೊರಾ ದಿ ತೊಲೆದೊಳ ಚಿತ್ರ ಫ್ಲಾರೆನ್ಸಿನ ಉಫೀತ್ಸಿ ಸಂಗ್ರಹಾಲಯದಲ್ಲಿದೆ. ಬಿಳಿಯ ನೆಲದ ಮೇಲೆ ಕಪ್ಪು ಬಳ್ಳಿ, ಚಿನ್ನದ ದಾಳಿಂಬೆ, ನೋಡಿದವರು ಮರೆಯುವ ಉಡುಪಲ್ಲ. 1562ರಲ್ಲಿ ತೀರಿಕೊಂಡ ಅವಳನ್ನು ಅದೇ ಉಡುಪಿನಲ್ಲಿ ಹೂತರೆಂದು ದಂತಕಥೆ ಹಬ್ಬಿತ್ತು. 1857ರಲ್ಲಿ ಸಮಾಧಿ ತೆರೆದಾಗ ಹೊರಬಂದದ್ದು ವೆಲ್ವೆಟ್ ಪಟ್ಟಿ ಹಚ್ಚಿದ ಸ್ಯಾಟಿನ್ನಿನ ಬೇರೊಂದು ಉಡುಪು. ಚಿತ್ರದಲ್ಲಿರುವುದರ ಒಳಹೊಲಿಗೆ ಯಾರಿಗೂ ಗೊತ್ತಿಲ್ಲ. ಸಮಾಧಿಯಿಂದ ಬಂದ ಆ ಹರಕಲು ಸ್ಯಾಟಿನ್ನಿನದು ಗೊತ್ತು. ಗೊತ್ತಾಗಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಜ್ಯಾನೆಟ್ ಆರ್ನಲ್ಡ್. ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳನ್ನು ತೆಗೆಸಿ, ಒಂದೊಂದು ಅಂಗಿಯನ್ನೂ ಅಳೆದು, ತುಂಡು ತುಂಡಾಗಿ ಚೌಕಳಿ ಹಾಳೆಯ ಮೇಲೆ ಬಿಡಿಸಿದ ಅವರ ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ನ 1560ರಿಂದ 1620ರವರೆಗಿನ ಉಡುಪುಗಳ ಸಂಪುಟ 1985ರಲ್ಲಿ ಬಂತು. ಈ ಬಳಗದವರ ಮನೆಗಳಲ್ಲಿ ಆ ಪುಸ್ತಕ ಹೊಲಿಗೆಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ, ಪುಟಗಳಲ್ಲಿ ಗುಂಡುಸೂಜಿಯ ತೂತುಗಳ ಸಮೇತ.

ಗುರುತಿಸಲು ಮುಂದಿನ ಸುಳಿವು ಬಣ್ಣ. ಸಿನಿಮಾಗಳು ನಮ್ಮ ತಲೆಗೆ ತುಂಬಿದ ಮಧ್ಯಯುಗ ಕೆಸರಿನ ಬಣ್ಣದ್ದು: ಕಂದು ಗೋಣಿ, ಕಪ್ಪು ಚರ್ಮ, ಮಣಿಕಟ್ಟಿಗೆ ಸುತ್ತಿದ ಬೆಲ್ಟು. ನಿಜವಾದ ಮಧ್ಯಯುಗ ಬಣ್ಣಕ್ಕೆ ಹಸಿದಿತ್ತು. 15ನೆಯ ಶತಮಾನದ ಆರಂಭದಲ್ಲಿ ಲಿಂಬೂರ್ಖ್ ಸೋದರರು ಬೆರ್ರಿಯ ಡ್ಯೂಕನಿಗಾಗಿ ಬಿಡಿಸಿದ ಪ್ರಾರ್ಥನಾ ಪುಸ್ತಕದಲ್ಲಿ ಹುಲ್ಲು ಒಟ್ಟುವ ಹೆಂಗಸರ ಮೈಮೇಲೂ ನೀಲಿಯಿದೆ. ಡ್ಯೂಕನ ಕಣ್ಣಿಗೆ ಹಿತವಾಗಲೆಂದು ಬಳಿದ ನೀಲಿಯೂ ಇರಬಹುದೆನ್ನಿ. ಆದರೆ ಬಣ್ಣದ ಗಿಡಗಳು ಹೊಲದಲ್ಲೇ ಬೆಳೆಯುತ್ತಿದ್ದವು. ಕೆಂಪಿಗೆ ಮ್ಯಾಡರ್ ಬೇರು, ಅದು ನಮ್ಮ ಮಂಜಿಷ್ಠದ ದಾಯಾದಿ. ನೀಲಿಗೆ ವೋಡ್ ಎಲೆ, ಅದರೊಳಗಿನ ಬಣ್ಣವೂ ನಮ್ಮ ನೀಲಿಗಿಡದ ಬಣ್ಣವೂ ಒಂದೇ. ಹಳದಿಗೆ ವೆಲ್ಡ್. ನೀಲಿಯ ಮೇಲೆ ಹಳದಿ ಅದ್ದಿದರೆ ಹಸಿರು. ಸಿರಿವಂತರ ಕಡುಗೆಂಪು ಬರುತ್ತಿದ್ದದ್ದು ಓಕ್ ಜಾತಿಯ ಪೊದೆಗಳ ಮೇಲಿನ ಕರ್ಮಿಸ್ ಹುಳುವಿನಿಂದ. ಮೆಕ್ಸಿಕೋದ ಕೊಚಿನೀಲ್ ಹುಳು ಯುರೋಪಿಗೆ ಬಂದದ್ದು 16ನೆಯ ಶತಮಾನದಲ್ಲಿ. ಈ ಬೇರು, ಎಲೆ, ಹುಳುಗಳ ಬಣ್ಣಗಳನ್ನು ಅಕ್ಕಪಕ್ಕ ಇಟ್ಟರೆ ಎಂಥ ಗಾಢ ಕೆಂಪೂ ಎಂಥ ಹಳದಿಯೂ ಒಂದನ್ನೊಂದು ಕಡಿಯುವುದಿಲ್ಲ. ಗುಂಪಿನಲ್ಲಿ ಒಂದೇ ಒಂದು ಮೇಲ್ಹೊದಿಕೆ ಕಣ್ಣು ಚುಚ್ಚಿದರೆ ಅದು ಬಹುಶಃ 1856ರ ನಂತರದ ಕೃತಕ ಬಣ್ಣ, ರಸಾಯನಶಾಸ್ತ್ರಜ್ಞ ಪರ್ಕಿನ್‌ನ ಪ್ರಯೋಗಶಾಲೆಯ ವಂಶದ್ದು.

ಬಟ್ಟೆಯ ಅಂಚನ್ನೂ ಗಮನಿಸಿ. ಎಲೆಯ ಹಾಗೆ ಕತ್ತರಿಸಿ ಜೋಲುಬಿಟ್ಟ ತೋಳುಗಳನ್ನು 14ನೆಯ ಶತಮಾನದ ಚಿತ್ರಗಳಲ್ಲಿ ನೋಡಿ, ಅಷ್ಟು ಅಂಚುಗಳನ್ನು ಹೇಗೆ ಮಡಚಿ ಹೊಲಿದರಪ್ಪಾ ಎಂದು ಹೊಸಬರು ಬೆರಗಾಗುತ್ತಾರೆ. ಮಡಚಬೇಕಾಗಿರಲಿಲ್ಲ. ನೇಯ್ದ ಉಣ್ಣೆಯನ್ನು ನೀರಿನಲ್ಲಿ ತುಳಿದು, ಇಲ್ಲವೇ ನೀರಿನ ಬಲದಿಂದ ಓಡುವ ಮರದ ಸುತ್ತಿಗೆಗಳಿಂದ ಕುಟ್ಟಿ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡುತ್ತಿದ್ದರು. ಆಮೇಲೆ ಟೀಸಲ್ ಗಿಡದ ಮುಳ್ಳುತಲೆಯಿಂದ ಜುಂಗು ಎಬ್ಬಿಸಿ, ಉದ್ದ ಕತ್ತರಿಯಿಂದ ಸಮ ಮಾಡುತ್ತಿದ್ದರು. ಹೀಗೆ ಹದಗೊಂಡ ಉಣ್ಣೆಯನ್ನು ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಇಂದಿನ ಸೂಟುಬಟ್ಟೆಯಲ್ಲಿ ಅದೇ ತೋಳು ಹೊಲಿದರೆ ವಾರದಲ್ಲಿ ಕುಚ್ಚಾಗುತ್ತದೆ.

ಗಂಡಸರ ಕಾಲಿಗೆ ತೊಡಿಸುತ್ತಿದ್ದ ಉದ್ದ ಕಾಲುಚೀಲ, ಹೋಸ್, ಇನ್ನೊಂದು ಪರೀಕ್ಷೆ. ಅದು ಹೆಣಿಗೆಯದ್ದಲ್ಲ. ನೇಯ್ದ ಉಣ್ಣೆಯನ್ನೇ ದರ್ಜಿಗಳು ಕ್ರಾಸ್ ಕಟಿಂಗ್ ಎನ್ನುವ ರೀತಿ ಓರೆಯಾಗಿ ಕತ್ತರಿಸಿ, ಎಳೆತ ಬರಿಸಿ, ಮೇಲಿನ ಬಿಗಿಯಂಗಿಗೆ ಲಾಡಿಗಳಿಂದ ಕಟ್ಟಿದ್ದು. ಮಂಡಿಯ ಹಿಂದೆ ಕೊಂಚ ಸುಕ್ಕು ಇರಲೇಬೇಕು. ಸುಕ್ಕೇ ಇಲ್ಲದೆ ಮೈಗಂಟಿದ್ದರೆ ಅದು ವ್ಯಾಯಾಮದ ಅಂಗಡಿಯ ಲೆಗ್ಗಿಂಗ್ಸ್. ಲಾಡಿ ಹಾಯುವ ತೂತಿಗೆ ಹಿತ್ತಾಳೆಯ ರಿಂಗು ಬಡಿದಿದ್ದರೆ, ಅದು 19ನೆಯ ಶತಮಾನದ ಸವಲತ್ತು. ಹಿಂದೆ ಮೊನಚು ಕಡ್ಡಿಯಿಂದ ಎಳೆಗಳನ್ನು ಸರಿಸಿ, ಸುತ್ತಲೂ ದಾರದಿಂದ ಕಟ್ಟುತ್ತಿದ್ದರು. 1400ರ ಹೆಂಗಸಿನ ನಡುವಿಗೆ ಕಡ್ಡಿ ತುಂಬಿದ ಕಾರ್ಸೆಟ್ ಬಿಗಿದಿದ್ದರೆ ಅಲ್ಲಿಂದ ಸುಮ್ಮನೆ ಮುಂದೆ ನಡೆಯಿರಿ.

ಇಷ್ಟೆಲ್ಲ ನಿಷ್ಠುರ ಮಾತಾಡಿದರೂ, ಒಳಗಿನ ಉದ್ದ ಹೊಲಿಗೆಗಳನ್ನು ಮಷೀನಿನಲ್ಲಿ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ಹಗಲು ಕಚೇರಿ, ರಾತ್ರಿ ಮಕ್ಕಳು; ಜೇನುಮೇಣ ಸವರಿದ ದಾರ ಹಿಡಿದು ಎಂಟು ಗಜದ ಘೇರಿಗೆ ಕೂರಲು ಎಲ್ಲರಿಗೂ ಬಿಡುವೆಲ್ಲಿ? ಕಾಣುವ ಅಂಚು, ಕಾಜಾ, ಲಾಡಿತೂತು ಕೈಯದ್ದಾಗಿದ್ದರೆ ಸಾಕು. ಕಣ್ಣು ಹುಡುಕುವುದು ಅಲ್ಲೇ.

ಕುತ್ತಿಗೆಯ ಸುತ್ತ ನಿಲ್ಲುವ ನಿರಿಗೆ ಕಾಲರಿನ, ಅಂದರೆ ರಫ್‌ನ, ವಿಷಯದಲ್ಲಿ ಈ ರಿಯಾಯಿತಿಯೂ ಇಲ್ಲ. 1564ರಲ್ಲಿ ಡಿಂಗೆನ್ ವಾನ್ ಡೆನ್ ಪ್ಲಾಸ್ ಎಂಬ ಹೆಂಗಸು ನೆದರ್ಲೆಂಡ್ಸ್ ಕಡೆಯಿಂದ ಲಂಡನ್ನಿಗೆ ಬಂದು, ಲಿನನ್ನಿಗೆ ಗಂಜಿ ಹಾಕುವ ವಿದ್ಯೆಯನ್ನು ಹಣ ಪಡೆದು ಕಲಿಸಿದಳು. ಆಮೇಲೆ ಕಾಲರುಗಳು ಬೆಳೆದದ್ದೇ ಬೆಳೆದದ್ದು. ಗಜಗಟ್ಟಲೆ ತೆಳು ಲಿನನ್ನನ್ನು ಕೂದಲೆಳೆಯ ನಿರಿಗೆಗಳಲ್ಲಿ ಪಟ್ಟಿಗೆ ಹೊಲಿದು, ಗಂಜಿ ಹಾಕಿ, ಒಂದೊಂದು ಮಡಿಕೆಯನ್ನೂ ಕಾದ ಕೋಲಿನಿಂದ ದುಂಡಗೆ ಮಾಡಬೇಕು. ಒಗೆದಾಗಲೆಲ್ಲ ಮತ್ತೆ ಅಷ್ಟೇ ಕೆಲಸ. ಪ್ಲಾಸ್ಟಿಕ್ ಲೇಸಿನ ಕಾಲರು ಮಳೆಯಲ್ಲೂ ಸೆಟೆದು ನಿಲ್ಲುತ್ತದೆ, ನಿಜವಾದದ್ದು ಒಂದು ಹನಿಗೆ ಸೋಲುತ್ತದೆ. ಮೋಡ ಕವಿದ ದಿನ ಯಾರು ಕುತ್ತಿಗೆಗೆ ಕೈ ಅಡ್ಡ ಹಿಡಿದು ಓಡುತ್ತಾರೆ ನೋಡಿ.

ಚಲನೆಯಿಲ್ಲದೆ ಈ ಕಲೆಯ ಅರ್ಧ ತಿಳಿಯುವುದಿಲ್ಲ. ಫ್ರಾನ್ಸಿನ ಲಿಯೋಂ ನಗರದಲ್ಲಿ ಶಾರ್ಲ್ ದ ಬ್ಲುವಾನದೆಂದು ಹೇಳುವ ಬಿಗಿಯಂಗಿಯಿದೆ. ಆತ 1364ರಲ್ಲಿ ಓರೇ ಕದನದಲ್ಲಿ ಸತ್ತವನು. ಚಿನ್ನದೆಳೆಯ ರೇಷ್ಮೆ, ಒಳಗೆ ಅರಳೆ ತುಂಬಿದ ಕ್ವಿಲ್ಟಿಂಗ್. ಅದರ ತೋಳು ಭುಜದಲ್ಲಿ ಮುಗಿಯದೆ ಎದೆ, ಬೆನ್ನುಗಳ ಒಳಕ್ಕೆ ದೊಡ್ಡ ವೃತ್ತವಾಗಿ ಹೊಕ್ಕಿದೆ. ಗಾಜಿನ ಹಿಂದೆ ಅದು ವಿಚಿತ್ರವಾಗಿ ಕಾಣುತ್ತದೆ. ಅದರ ಪ್ರತಿ ತೊಟ್ಟವನು ಕತ್ತಿ ಬೀಸಿದಾಗ ಸೊಂಟ ಮಿಸುಕದೆ ತೋಳೊಂದೇ ತಿರುಗುವುದನ್ನು ಕಂಡರೆ ಅರ್ಥವಾಗುತ್ತದೆ. ಹೀಗೆ ಮತ್ತೆ ಹೊಲಿದ ಇನ್ನೊಂದು ಉಡುಪಿಗೆ ಆಧಾರ ಒಂದು ಪುಸ್ತಕ. ಆಗ್ಸ್‌ಬರ್ಗಿನ ಫುಗ್ಗರ್ ಮನೆತನದ ಲೆಕ್ಕಿಗ ಮತ್ತೆಯುಸ್ ಶ್ವಾರ್ಟ್ಸ್ 1520ರಿಂದ ನಾಲ್ಕು ದಶಕ ತನ್ನ ಉಡುಪುಗಳ ಚಿತ್ರಗಳನ್ನು ಬರೆಸಿ ಪುಸ್ತಕ ಮಾಡಿಟ್ಟ. ಅದರಲ್ಲಿ 1530ರ ಕೆಂಪು ಹಳದಿ ಉಡುಪನ್ನು ಜೆನ್ನಿ ತಿರಮಾನಿ ಮತ್ತೆ ಹೊಲಿದಿದ್ದಾರೆ. ಇದೇ ತಿರಮಾನಿ ಲಂಡನ್ನಿನ ಗ್ಲೋಬ್ ರಂಗಮಂದಿರದ ‘ಟ್ವೆಲ್ತ್ ನೈಟ್’ಗೆ ವಸ್ತ್ರ ರೂಪಿಸಿ 2014ರಲ್ಲಿ ಟೋನಿ ಪ್ರಶಸ್ತಿ ಪಡೆದವರು. ಆ ನಾಟಕ ಬ್ರಾಡ್‌ವೇಯಲ್ಲಿ ನಡೆದಾಗ, ನಟರು ಉಡುಪು ಕಟ್ಟಿಸಿಕೊಳ್ಳುವುದನ್ನು ಆಟ ಶುರುವಾಗುವ ಮೊದಲೇ ರಂಗದ ಮೇಲೆ ನೋಡಬಹುದಾಗಿತ್ತು.

ಇದನ್ನೆಲ್ಲ ಕಣ್ಣಾರೆ ನೋಡಬೇಕೆ? ಮ್ಯೂನಿಕ್ ಸುತ್ತಮುತ್ತ ಕೆಲಸದಲ್ಲಿರುವ ಕನ್ನಡಿಗರು ಬೇಕಾದಷ್ಟು ಮಂದಿ. ಅಲ್ಲಿಂದ ರೈಲಿನಲ್ಲಿ ಹೆಚ್ಚು ದೂರವಿಲ್ಲದ ಲಾಂಡ್ಸ್‌ಹೂಟ್ ಊರಿನಲ್ಲಿ, ಬವೇರಿಯದ ಜಾರ್ಜ್‌ಗೂ ಪೋಲೆಂಡಿನ ರಾಜಕುಮಾರಿ ಹೆಡ್‌ವಿಗ್‌ಗೂ 1475ರಲ್ಲಿ ನಡೆದ ಮದುವೆಯನ್ನು 1903ರಿಂದ ಮರುನಟಿಸುತ್ತಿದ್ದಾರೆ. ಈಗ ನಾಲ್ಕು ವರ್ಷಕ್ಕೊಮ್ಮೆ. ಕಳೆದದ್ದು 2023ರಲ್ಲಿ, ಮುಂದಿನದು 2027ರಲ್ಲಿ. ಊರಿನ ಎರಡು ಸಾವಿರಕ್ಕೂ ಹೆಚ್ಚು ಜನ 15ನೆಯ ಶತಮಾನದ ಉಡುಪಿನಲ್ಲಿ ಬೀದಿಗಿಳಿಯುತ್ತಾರೆ. ಟೋಪನ್ ಕೂದಲಿಗೆ ಅವಕಾಶವಿಲ್ಲ, ಗಂಡಸರು ತಿಂಗಳುಗಳ ಮೊದಲೇ ಕ್ಷೌರ ನಿಲ್ಲಿಸುತ್ತಾರೆ. ಹೋದರೆ ಮೆರವಣಿಗೆಯ ಮುಂಭಾಗದ ಜಾಗಕ್ಕೆ ನುಗ್ಗಬೇಡಿ. ಮುಗಿದ ಮೇಲೆ ಬಿಯರ್ ಬೆಂಚಿನ ಬಳಿ ಸಿಗುವ ಕುದುರೆಯಾಳನ್ನೋ ಅಡುಗೆಯವಳನ್ನೋ ಹುಡುಕಿ. ಕೇಳದೆ ಮುಟ್ಟಬೇಡಿ, ಜಿಡ್ಡುಕೈ ಅಂತೂ ಬೇಡವೇ ಬೇಡ. ತೋಳಿನ ಒಳಮಗ್ಗುಲು ಸ್ವಲ್ಪ ತೋರಿಸುತ್ತೀರಾ ಎಂದು ಕೇಳಿ. ಮಾತು ಬೆಳೆದು ನೀವು ಹೊರಡಬೇಕಾದ ರೈಲು ತಪ್ಪಿದರೆ ಅದರ ಮುಂದಿನದು ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಂಡಿರಿ.